ಅಪ್‌ಡೇಟ್: ಹೆರಿಗೆ ರಜೆಗೆ ಮುಂಚೆ ಬಂದ ನೋಟಿಸ್ ವಾಪಸ್ ಆಯ್ತು

ಹೋದ ತಿಂಗಳು ಕೇಳಿದ್ದೆ: ಪುಣೆಯಲ್ಲಿ ಕೆಲಸ, ಏಳು ತಿಂಗಳ ಬಸುರಿ, "ನಿಮ್ಮ ಹುದ್ದೆಯೇ ರದ್ದು" ಎಂದು ಒಂದು ತಿಂಗಳ ನೋಟಿಸ್ ಕೊಟ್ಟಿದ್ದಾರೆ, ಏನು ಮಾಡಲಿ ಅಂತ.

ನೋಟಿಸ್ ವಾಪಸ್ ತಗೊಂಡರು! ಬಾಯಲ್ಲಿ ಹೇಳಿದ್ದನ್ನೆಲ್ಲ ಈಮೇಲ್‌ನಲ್ಲಿ ಕೊಡಿ ಎಂದೆ. ಅಲ್ಲಿಗೇ ಎಚ್‌ಆರ್ ದನಿ ಅರ್ಧ ಇಳಿಯಿತು. ಆಮೇಲೆ ವಕೀಲರು ಒಂದೇ ಅಂಶ ಹಿಡಿದರು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ, ಸರಿ. ರಜೆಯ ನಡುವೆ ಅವಧಿ ಮುಗಿಯುವಂಥ ನೋಟಿಸ್ ಕೂಡ ಕೊಡುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೂ ಇದಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ನೋಟಿಸ್ ಮುಗಿಯುವಾಗ ನಾನು ರಜೆಯಲ್ಲೇ ಇರ್ತಿದ್ದೆ, ನನ್ನದು ಅದೇ ಕೇಸ್ ಅಲ್ವಾ!

ಮೊದಲ ಮಗು, ಹಾಗಾಗಿ 26 ವಾರ ಸಂಬಳದ ರಜೆ. ವಾಪಸ್ ಹೋದ ಮೇಲೆ ಏನು ಮಾಡ್ತಾರೋ, ಆ ಅಳುಕು ಇದ್ದೇ ಇದೆ. ಧಾರವಾಡದಿಂದ ಬಂದ ಅವ್ವ ಮಾತ್ರ ಈಗಲೇ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದಾಳೆ.