ರಿವಾಲ್ವರೋ, ಪಿಸ್ತೂಲೋ? ಹೆಬ್ಬೆರಳು ನೋಯುವ ಕೈಗೆ ಯಾವುದು ಒಗ್ಗುತ್ತದೆ?

ಒಂಟಿಮನೆ:
ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳಲು ಪರವಾನಗಿ ಸಿಕ್ಕಿದೆ. ಒಂದನ್ನೇ ಆರಿಸಬೇಕು, ಆರಿಸಿದ ಮೇಲೆ ವರ್ಷಗಟ್ಟಲೆ ಅದೇ. ನನಗೆ 54 ವರ್ಷ, ಎರಡೂ ಹೆಬ್ಬೆರಳುಗಳ ಬುಡದಲ್ಲಿ ಸಂಧಿವಾತ. ಕಳೆದ ವಾರ ತರಬೇತುದಾರರು ಎರಡು ಬಗೆಯನ್ನೂ ಕೈಗೆ ಕೊಟ್ಟು ನೋಡಿದರು. ಪಿಸ್ತೂಲಿನ ಸ್ಲೈಡನ್ನು (ನಳಿಗೆಯ ಮೇಲೆ ಹಿಂದೆಮುಂದೆ ಸರಿಯುವ ಲೋಹದ ಭಾಗ) ಎರಡು ಸಲ ಹೇಗೋ ಎಳೆದೆ, ಮೂರನೆಯ ಸಲ ಅರ್ಧಕ್ಕೇ ಬೆರಳು ಜಾರಿತು. ರಿವಾಲ್ವರಿಗೆ ಗುಂಡು ತುಂಬುವುದು ಸರಾಗ, ಆದರೆ ಟ್ರಿಗರ್ ಎಳೆದು ಮುಗಿಸುವಷ್ಟರಲ್ಲಿ ನಳಿಗೆಯ ತುದಿ ಗುರಿಬಿಟ್ಟು ಕೆಳಗೆ ವಾಲಿತ್ತು. "ಹೆಂಗಸರಿಗೆ ರಿವಾಲ್ವರೇ ಸರಿ" ಎಂದು ಮನೆಯವರೆಲ್ಲ ಹೇಳುತ್ತಾರೆ. ಏಕೆ ಎಂದರೆ ಯಾರೂ ಬಿಡಿಸಿ ಹೇಳುವುದಿಲ್ಲ. ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ಹಳೆಯ ಕೈ:
ರಿವಾಲ್ವರ್ ತೆಗೆದುಕೊಳ್ಳಿ. ಒಂದು ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಗುಂಡುಗಳು ಕೂರುವ ಸಿಲಿಂಡರ್ ತಿರುಗಿ ಮುಂದಿನದನ್ನು ತಂದು ನಿಲ್ಲಿಸುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಕೆಟ್ಟ ಗುಂಡನ್ನು ಹೊರಹಾಕಬೇಕು. ನೋಯುವ ಹೆಬ್ಬೆರಳಿಗೆ ನಡುರಾತ್ರಿ ಆ ಕೆಲಸ ಕೊಡಬೇಡಿ. ಸಿಲಿಂಡರ್ ತೆರೆದರೆ ತುಂಬಿದೆಯೋ ಖಾಲಿಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮುಂಗೈ:
ನಾನು ಹನ್ನೊಂದು ವರ್ಷ ರಿವಾಲ್ವರ್ ಇಟ್ಟುಕೊಂಡಿದ್ದವನು, ಆರು ವರ್ಷದಿಂದ ಪಿಸ್ತೂಲ್. ಮೇಲಿನವರ ಮಾತು ಸುಳ್ಳಲ್ಲ, ಆದರೆ ನಿಮ್ಮ ಕೈಯ ಮಟ್ಟಿಗೆ ಅದು ಅರ್ಧ ಮಾತು.

ನಳಿಗೆ ವಾಲಿದ್ದು ನಿಮ್ಮ ತಪ್ಪಲ್ಲ. ರಿವಾಲ್ವರಿನ ಡಬಲ್ ಆಕ್ಷನ್ ಟ್ರಿಗರ್ ಒಂದೇ ಎಳೆತದಲ್ಲಿ ಸಿಲಿಂಡರನ್ನು ತಿರುಗಿಸಬೇಕು, ಗುಂಡು ಹಾರಿಸಲು ಬಡಿಯುವ ಹ್ಯಾಮರನ್ನು ಎತ್ತಬೇಕು, ಬಿಡಬೇಕು. ಅದಕ್ಕೆ ಸಾಮಾನ್ಯವಾಗಿ ಐದು ಕಿಲೋ ಆಸುಪಾಸಿನ ಬಲ ಬೇಕು. ಗ್ಲಾಕ್‌ನಂಥ ಪಿಸ್ತೂಲಿಗೆ ಎರಡೂವರೆ ಕಿಲೋ ಸಾಕು. ಇನ್ನು ಬಂದೂಕಿನ ತೂಕ ನೋಡಿ. ಕೈಚೀಲದಲ್ಲಿ ಹಿಡಿಸುವ ಐದು ಗುಂಡಿನ ಹಗುರ ರಿವಾಲ್ವರ್ ಎಷ್ಟೋ ಸಲ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಅಷ್ಟು ಹಗುರದ್ದನ್ನು ಅಲುಗದಂತೆ ಹಿಡಿದು ಅದರ ತೂಕದ ಹತ್ತು ಪಟ್ಟು ಬಲದಿಂದ ಎಳೆಯಬೇಕು! ಹೆಂಗಸರಿಗೆಂದು ಅದನ್ನೇ ತಂದು ಕೈಗಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಗುರವಾದಷ್ಟೂ ಒದೆತ ಜೋರು, ಆ ಒದೆತ ಬಂದು ಬೀಳುವುದು ಹೆಬ್ಬೆರಳಿನ ಬುಡಕ್ಕೇ. ಹ್ಯಾಮರನ್ನು ಮೊದಲೇ ಹೆಬ್ಬೆರಳಿನಿಂದ ಎಳೆದಿಟ್ಟರೆ ಟ್ರಿಗರ್ ಹಗುರಾಗುತ್ತದೆ ಎನ್ನುವವರ ಮಾತನ್ನೂ ಕೇಳಬೇಡಿ. ನಿಮ್ಮ ಬೆರಳಿಗೆ ಅದೂ ನೋವು, ಭಯದಿಂದ ನಡುಗುವ ಕೈಗೆ ಅಷ್ಟು ಹಗುರವಾದ ಟ್ರಿಗರ್ ಅಪಾಯ.

ರಿವಾಲ್ವರ್ ಸಿಕ್ಕಿಕೊಳ್ಳುವುದೇ ಇಲ್ಲ ಎಂದು ನಾನೂ ನಂಬಿದ್ದೆ. ಒಂದು ದಿನ ಅಭ್ಯಾಸದಲ್ಲಿ ನಾಲ್ಕು ಗುಂಡು ಹಾರಿದವು, ಐದನೆಯದಕ್ಕೆ ಟ್ರಿಗರ್ ಕಲ್ಲಿನಂತೆ ನಿಂತಿತು. ಸಿಲಿಂಡರ್ ತಿರುಗಲೂ ಒಲ್ಲದು, ತೆರೆಯಲೂ ಒಲ್ಲದು. ನಳಿಗೆಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದು ನಿಂತೆ. ತರಬೇತುದಾರರು ಬಂದು ಪಕ್ಕದಿಂದ ಬೆಳಕು ಬಿಟ್ಟು ತೋರಿಸಿದರು: ಹಿಂದಿನ ನಾಲ್ಕು ಒದೆತಕ್ಕೆ ಕೊನೆಯ ಕಾಡತೂಸಿನ ಗುಂಡು ಹಿತ್ತಾಳೆಯ ಕವಚದಿಂದ ಅಕ್ಕಿಕಾಳಿನಷ್ಟು ಮುಂದೆ ಜಾರಿ, ಸಿಲಿಂಡರಿನಿಂದ ಹೊರಗೆ ಇಣುಕುತ್ತಿತ್ತು. ಹಗುರ ರಿವಾಲ್ವರಿಗೆ ಜೋರು ಕಾಡತೂಸು ಹಾಕಿದರೆ ಹೀಗಾಗುವುದುಂಟು. ರಿವಾಲ್ವರ್ ಅಪರೂಪಕ್ಕೆ ಸಿಕ್ಕಿಕೊಳ್ಳುತ್ತದೆ, ಆದರೆ ಹೀಗೆ ಸಿಕ್ಕಿಕೊಂಡರೆ ಆ ಹೊತ್ತಿಗೆ ಅದು ಬರಿಯ ಕಬ್ಬಿಣ.

ಸ್ಲೈಡಿನ ವಿಷಯ. ನೀವು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿ ಎಳೆದಿರಬೇಕು, ಬಹಳ ಜನ ಹಾಗೆಯೇ ಮಾಡುತ್ತಾರೆ. ಖಾಲಿ ಪಿಸ್ತೂಲಿನಲ್ಲಿ, ತರಬೇತುದಾರರ ಮುಂದೆ ಹೀಗೆ ಮಾಡಿ ನೋಡಿ. ಪಿಸ್ತೂಲನ್ನು ಎದೆಯ ಹತ್ತಿರಕ್ಕೆ ತನ್ನಿ, ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಎಡ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಕವುಚಿ, ನಾಲ್ಕು ಬೆರಳನ್ನು ಆಚೆ ಮಗ್ಗುಲಿಗೆ ಮಡಚಿ ಅದುಮಿ. ಎಡಗೈ ಅಲ್ಲೇ ನಿಲ್ಲಲಿ, ಬಲಗೈ ಹಿಡಿಕೆಯನ್ನು ಮುಂದಕ್ಕೆ ನೂಕಲಿ. ಬಿಗಿದ ಬಾಗಿಲನ್ನು ತಳ್ಳುವಾಗ ಬರುವ ಭುಜದ ಬಲ ಅದು, ಹೆಬ್ಬೆರಳಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಇನ್ನೊಂದು ಮಾತು: ಚಿಕ್ಕ ಪಿಸ್ತೂಲ್ ಎಂದರೆ ಸುಲಭ ಎಂದುಕೊಳ್ಳಬೇಡಿ. ಒಂದೇ ಅಳತೆಯ ಕಾಡತೂಸಿಗೆ ಚಿಕ್ಕದರ ಸ್ಪ್ರಿಂಗ್ ಸಾಮಾನ್ಯವಾಗಿ ಹೆಚ್ಚು ಬಿಗಿ. ಮಧ್ಯಮ ಗಾತ್ರದ್ದನ್ನು ಹಿಡಿದು ನೋಡಿ. ಸ್ಮಿತ್ ಅಂಡ್ ವೆಸನ್ನಿನ ಶೀಲ್ಡ್ ಈಜಿಯಂಥ, ಸ್ಲೈಡ್ ಹಗುರವಾಗಿ ಸರಿಯಲೆಂದೇ ಮಾಡಿದ ಮಾದರಿಗಳೂ ಇವೆ.

ಹಳೆಯ ಕೈ:
ಕೈ ಸಡಿಲವಾದರೆ ಪಿಸ್ತೂಲ್ ಮುನಿಸಿಕೊಳ್ಳುತ್ತದೆ, ಅದನ್ನೂ ಹೇಳಿ. ಮಣಿಕಟ್ಟು ಬಗ್ಗಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕವಚ ಹೊಗೆಕೊಳವೆಯಂತೆ ನೆಟ್ಟಗೆ ಸಿಕ್ಕಿಕೊಂಡು ನಿಲ್ಲುತ್ತದೆ. ನೋವಿರುವ ಕೈ ಬಗ್ಗದೆ ಇದ್ದೀತೆ?

ಮುಂಗೈ:
ನಿಜ, ಅದಕ್ಕೇ ಅವರು ಗುಂಡು ಹಾರಿಸಿಯೇ ನೋಡಬೇಕು. ಏಳು ಮೀಟರ್ ದೂರದಲ್ಲಿ ಕಾಗದ ಕಟ್ಟಿ, ಎರಡರಿಂದಲೂ ಮೂವತ್ತು ಮೂವತ್ತು ಗುಂಡು. ಮೊದಲ ಐದನ್ನು ಬಿಡಿ, ಕೈ ದಣಿದ ಮೇಲಿನ ಕೊನೆಯ ಐದು ಎಲ್ಲಿ ಬಿದ್ದಿವೆ ನೋಡಿ. ರಿವಾಲ್ವರನ್ನೇ ಪರೀಕ್ಷಿಸುವುದಾದರೆ ಉಕ್ಕಿನ ಮೈಯ ತೂಕದ ರಿವಾಲ್ವರ್ ಕೇಳಿ, .38 ಸ್ಪೆಷಲ್ ಕಾಡತೂಸು ಹಾಕಿ. .357 ಮ್ಯಾಗ್ನಮ್ ಬೇಡ, ಅದರ ಒದೆತ ನಿಮಗೆ ಆಗದು.

ಒಂಟಿಮನೆ:
ಶನಿವಾರ ಹೋಗಿ ಬಂದೆ. ಅಂಗೈ ಕವುಚಿ ನೂಕಿದರೆ ಹತ್ತರಲ್ಲಿ ಒಂಬತ್ತು ಸಲ ಸ್ಲೈಡ್ ಪೂರ್ತಿ ಬಂತು! ತೂಕದ ರಿವಾಲ್ವರಿನ ಒದೆತ ಹಿತವಾಗಿತ್ತು, ಆದರೆ ಇಪ್ಪತ್ತನೆಯ ಗುಂಡಿನ ಹೊತ್ತಿಗೆ ತೋರುಬೆರಳು ಸೋತು, ಕೊನೆಯ ಐದರಲ್ಲಿ ಮೂರು ಕಾಗದಕ್ಕೇ ತಾಗಲಿಲ್ಲ. ಪಿಸ್ತೂಲಿನ ಐದೂ ಅಂಗೈಯಗಲದೊಳಗೆ. ಒಮ್ಮೆ ಕವಚ ನೆಟ್ಟಗೆ ಸಿಕ್ಕಿಕೊಂಡಿತು, ನಾನೇ ಬಿಡಿಸಿದೆ. ಮನಸ್ಸು ಪಿಸ್ತೂಲಿನ ಕಡೆಗೇ ವಾಲುತ್ತಿದೆ. ಒಂದು ಅಳುಕು ಮಾತ್ರ ಉಳಿದಿದೆ: ರಜೆಗೆ ಆರು ವರ್ಷದ ಮೊಮ್ಮಗಳು ಬರುತ್ತಾಳೆ.

ಮುಂಗೈ:
ಬೀಗದ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲೇ ಕೊಳ್ಳಿ. ಬೆರಳಿನಿಂದ ಗುಂಡಿ ಒತ್ತಿ ತೆರೆಯುವಂಥದ್ದನ್ನು ಗೋಡೆಗೋ ಕಪಾಟಿಗೋ ಬಿಗಿಯಿಸಿ. ಮೊಮ್ಮಗಳು ಬಂದ ದಿನ ಮಾತ್ರವಲ್ಲ, ಎಲ್ಲ ದಿನವೂ ಅದರೊಳಗೇ ಇರಲಿ. ಮೇಲಿನ ಅಟ್ಟ, ದಿಂಬಿನ ಅಡಿ, ಬಟ್ಟೆಯ ನಡುವೆ ಇವೆಲ್ಲ ಮಕ್ಕಳಿಗೆ ಗೊತ್ತಿರುವ ಜಾಗಗಳೇ.

ಪಿಸ್ತೂಲ್ ಆರಿಸಿದರೆ ಒಂದು ವಿಷಯದಲ್ಲಿ ಮೈಮರೆಯುವಂತಿಲ್ಲ. ಒಮ್ಮೆ ಅಭ್ಯಾಸದ ಮೇಜಿನ ಮೇಲೆ ನನ್ನ ಪಕ್ಕದವರು ಪಿಸ್ತೂಲಿನಿಂದ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದಿಟ್ಟು "ಖಾಲಿ" ಎಂದರು. ತರಬೇತುದಾರರು ಮಾತಾಡದೆ ಸ್ಲೈಡ್ ಎಳೆದರು. ನಳಿಗೆಯ ಬುಡದಲ್ಲಿ ಗುಂಡು ಕೂರುವ ಚೇಂಬರಿನಿಂದ ಒಂದು ಗುಂಡು ಚಿಮ್ಮಿ, ಮೇಜಿನ ಮೇಲೆ ಉರುಳಿ, ಅಂಚಿನಲ್ಲಿ ನಿಂತಿತು. ಅಲ್ಲಿದ್ದ ನಾಲ್ವರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದೆವು. ಆದ್ದರಿಂದ ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಎಳೆದು ಹಿಂದಕ್ಕೆ ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಪ್ರತಿಸಲವೂ ಇದೇ ಕ್ರಮದಲ್ಲಿ.