ಫ್ಲೈ ಕಟ್ಟಲು ಫೋಮ್ ಪಟ್ಟಿ ನೇರವಾಗಿ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಸಿದ್ದಾಪುರದ ಸದಸ್ಯರು):

ಸರ್, ನಮಸ್ಕಾರ. ಮಳೆ ಹಿಡಿದು ಹೊಳೆಯ ಕಡೆಗೆ ಹೋಗಲಾಗದ ಕಾರಣ ಮನೆಯಲ್ಲೇ ಕುಳಿತು ಜೀರುಂಡೆ, ಮಿಡತೆಗಳ ಫ್ಲೈ (ಮೀನು ಹಿಡಿಯಲು ಗಾಳದ ಮೇಲೆ ಕಟ್ಟುವ ನಕಲಿ ಹುಳು) ಕಟ್ಟುವುದನ್ನು ಕಲಿಯುತ್ತಿದ್ದೇನೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ದಪ್ಪದ ಎ4 ಫೋಮ್ ಹಾಳೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಕಟರ್‌ನಿಂದ 6 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಒಂದು ತುದಿಯಲ್ಲಿ 6, ಇನ್ನೊಂದು ತುದಿಯಲ್ಲಿ 8 ಮಿ.ಮೀ. ಆಗುತ್ತದೆ. ಅಂಚು ಕೂಡ ನೆಟ್ಟಗಿರದೆ ಒಳಕ್ಕೆ ವಾಲಿರುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಹಾವು ಹರಿದ ಹಾಗೆ ಬರುತ್ತದೆ. ಅಳತೆಯನ್ನು ಎರಡೆರಡು ಸಲ ನೋಡಿಯೇ ಕತ್ತರಿಸುತ್ತೇನೆ. ತಪ್ಪು ಎಲ್ಲಾಗುತ್ತಿದೆ?

ಉತ್ತರ:

ಮಡಿಕೇರಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ಕಸುಬು. ದಿನವಿಡೀ ಮೌಂಟ್ ಬೋರ್ಡ್ (ಫೋಟೋದ ಸುತ್ತ ಕೂರಿಸುವ ಗಟ್ಟಿ ರಟ್ಟು) ಕತ್ತರಿಸುವ ನನ್ನ ಮರ್ಯಾದೆಯನ್ನೂ ಈ ಫೋಮ್ ಮೊದಲ ಹದಿನೈದು ದಿನ ಚೆನ್ನಾಗಿಯೇ ತೆಗೆದಿತ್ತು. ಆದ್ದರಿಂದ ಬೇಸರ ಬೇಡ. ನಿಮ್ಮ ಅಳತೆ ತಪ್ಪಿಲ್ಲ, ಕೈಯ ಒತ್ತಡ ತಪ್ಪಿದೆ.

ಬೋರ್ಡನ್ನು ಎಷ್ಟು ಒತ್ತಿದರೂ ಅದು ಇದ್ದಲ್ಲೇ ಇರುತ್ತದೆ. ನೀವು ತಂದಿರುವ ಇ.ವಿ.ಎ. ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಫೋಮ್ ಹಾಗಲ್ಲ. ಅದರೊಳಗೆ ಮುಚ್ಚಿದ ಗಾಳಿಗುಳ್ಳೆಗಳಿರುವುದರಿಂದಲೇ ಫ್ಲೈ ನೀರಿನ ಮೇಲೆ ತೇಲುತ್ತದೆ, ಆ ಗುಳ್ಳೆಗಳಿಂದಲೇ ಹಾಳೆ ಸ್ಕೇಲಿನ ಕೆಳಗೆ ಅದುಮಿಕೊಂಡು ಪಕ್ಕಕ್ಕೆ ಉಬ್ಬುತ್ತದೆ. ಆ ಉಬ್ಬಿದ ಸ್ಥಿತಿಯಲ್ಲಿ ನೇರವಾಗಿ ಕತ್ತರಿಸಿದರೂ, ಸ್ಕೇಲ್ ಎತ್ತಿದ ಕೂಡಲೇ ಫೋಮ್ ತನ್ನ ಮೊದಲಿನ ಆಕಾರಕ್ಕೆ ಮರಳುವಾಗ ಅಂಚು ವಾಲುತ್ತದೆ. ಜೊತೆಗೆ ನೀವು ಸ್ಕೇಲಿನ ನಡುವೆ ಮಾತ್ರ ಬಲವಾಗಿ ಒತ್ತುತ್ತಿರಬೇಕು. ಆಗ ತುದಿಗಳಲ್ಲಿ ಹಿಡಿತ ಸಡಿಲವಾಗಿ, ಬ್ಲೇಡ್ ಎಳೆದ ಕಡೆಗೆ ಹಾಳೆಯೂ ಜಾರುತ್ತದೆ. ನಿಮ್ಮ 8 ಮಿ.ಮೀ. ತುದಿ ಹುಟ್ಟುವುದು ಅಲ್ಲಿಯೇ.

ಹಾಗಾಗಿ ಹಿಡಿತಕ್ಕೆ ಬಲ ಬೇಡ, ಅಂಟು ಬೇಕು. ಸ್ಕೇಲಿನ ಹಿಂಬದಿಗೆ ಉದ್ದಕ್ಕೂ ಎರಡು ಬದಿ ಅಂಟುವ ಟೇಪ್ ಹಚ್ಚಿ, ಅದನ್ನು ನಾಲ್ಕೈದು ಸಲ ಹಳೆಯ ಬಟ್ಟೆಗೆ ಒತ್ತಿ ತೆಗೆದು ಅಂಟನ್ನು ಅರ್ಧ ಸಾಯಿಸಿರಿ. ಹೊಸ ಅಂಟು ಫೋಮಿನ ಮೇಲ್ಮೈಯನ್ನೇ ಕಿತ್ತುಕೊಂಡು ಬರುತ್ತದೆ. ಇಷ್ಟಾದರೆ ಸ್ಕೇಲಿನ ಮೇಲೆ ಹೂವಿನಂತೆ ಬೆರಳಿಟ್ಟರೂ ಹಾಳೆ ಕದಲುವುದಿಲ್ಲ. ಕೆಳಗೆ ರಬ್ಬರಿನ ಕಟಿಂಗ್ ಮ್ಯಾಟ್ ಇರಲಿ. ರಟ್ಟಿನ ಮೇಲೆ ಕತ್ತರಿಸಿದರೆ ಬ್ಲೇಡ್ ಹಳೆಯ ಗೀರಿನೊಳಗೆ ಇಳಿದು ತನ್ನ ದಾರಿ ಹಿಡಿಯುತ್ತದೆ.

ಇನ್ನು ಬ್ಲೇಡಿನ ವಿಚಾರ. 9 ಮಿ.ಮೀ. ಅಗಲದ ಸಣ್ಣ ಕಟರಿನ ಬ್ಲೇಡ್ ಬಾಗುತ್ತದೆ, 18 ಮಿ.ಮೀ.ದು ಬಾಗುವುದು ಕಡಿಮೆ. ಹಾಳೆಯೊಂದಕ್ಕೆ ಬ್ಲೇಡಿನ ಒಂದು ತುಂಡು ಮುರಿದು ಹೊಸ ಮೊನೆ ತೆಗೆಯಲು ಹಿಂಜರಿಯಬೇಡಿ, ಮೊಂಡು ಬ್ಲೇಡಿಗಿಂತ ದುಬಾರಿ ಬೇರೇನಿಲ್ಲ. ಕಟರನ್ನು ನೆಟ್ಟಗೆ ಹಿಡಿದು ಎಳೆದರೆ ಮೊನೆ ಫೋಮನ್ನು ಉಳುತ್ತಾ ಮುಂದೆ ತಳ್ಳುತ್ತದೆ. ಹಿಡಿಯನ್ನು ಮ್ಯಾಟಿನ ಹತ್ತಿರಕ್ಕೆ ಬಾಗಿಸಿದರೆ ಬ್ಲೇಡಿನ ಬಾಯಿಯ ಉದ್ದವೆಲ್ಲ ಕೆಲಸ ಮಾಡಿ ಫೋಮ್ ಸೀಳಿಕೊಳ್ಳುತ್ತದೆ. ಮೊದಲ ಎಳೆತದಲ್ಲಿ ಗೀರು ಮಾತ್ರ ಬೀಳಲಿ, ಎರಡನೆಯದರಲ್ಲಿ ಕತ್ತರಿಸಲಿ.

ನಿಜ ಹೇಳಬೇಕೆಂದರೆ, ಈಗ ನಾನು ಕಟರ್ ಬಿಟ್ಟು ದರ್ಜಿಗಳು ಬಟ್ಟೆಗೆ ಬಳಸುವ ಚಕ್ರದ ಕಟರ್ ಹಿಡಿದಿದ್ದೇನೆ. 45 ಮಿ.ಮೀ. ಚಕ್ರ ಉರುಳುತ್ತದೆಯೇ ಹೊರತು ಎಳೆಯುವುದಿಲ್ಲ, ಆದ್ದರಿಂದ ಫೋಮ್ ಸುಕ್ಕಾಗುವ ಪ್ರಶ್ನೆಯೇ ಇಲ್ಲ. ಆದರೆ ತೆಳ್ಳನೆಯ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿ ಇದನ್ನು ಓಡಿಸಬೇಡಿ. ಚಕ್ರ ಸ್ಕೇಲಿನ ಮೇಲೆ ಹತ್ತಿ ನೇರ ಬೆರಳಿಗೆ ಬರುತ್ತದೆ. ನನ್ನ ಎಡಗೈ ತೋರುಬೆರಳಿನ ಗುರುತು ಹಾಗೆಯೇ ಬಂದದ್ದು. 3 ಮಿ.ಮೀ. ದಪ್ಪದ ಅಕ್ರಿಲಿಕ್ ಪಟ್ಟಿ ಇಟ್ಟುಕೊಳ್ಳಿರಿ.

ಪ್ರಶ್ನೆ (ಅದೇ ಸದಸ್ಯರು):

ಟೇಪಿನ ಉಪಾಯ ಫಲಿಸಿತು ಸರ್, ಧನ್ಯವಾದಗಳು. ಆದರೆ ಹತ್ತು ಪಟ್ಟಿ ಕತ್ತರಿಸುವಷ್ಟರಲ್ಲಿ ಕೊನೆಯದು ಮತ್ತೆ ಓರೆಯಾಗಿದೆ.

ಉತ್ತರ:

ಪ್ರತಿ ಸಲ ಹಿಂದಿನ ಪಟ್ಟಿಯ ಅಂಚಿನಿಂದ 6 ಮಿ.ಮೀ. ಅಳೆಯುತ್ತಿದ್ದೀರಿ, ಅಲ್ಲವೇ? ಒಂದೊಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹತ್ತನೆಯದಕ್ಕೆ ಅಷ್ಟೂ ಸೇರಿಕೊಳ್ಳುತ್ತದೆ. ಮೊದಲು ಹಾಳೆಯ ಒಂದು ಅಂಚನ್ನು ನೀವೇ ಕತ್ತರಿಸಿ ನೇರ ಮಾಡಿಕೊಳ್ಳಿ, ಅಂಗಡಿಯಿಂದ ಬಂದ ಅಂಚನ್ನು ನಂಬಬೇಡಿ. ಆ ಒಂದೇ ಅಂಚಿನಿಂದ 6, 12, 18, 24 ಎಂದು ಹಾಳೆಯ ಎರಡೂ ತುದಿಗಳಲ್ಲಿ ಗುಂಡುಸೂಜಿಯಿಂದ ಚುಚ್ಚಿ ಗುರುತು ಮಾಡಿರಿ. ಪೆನ್ನಿನ ಗೆರೆಗೇ ಅರ್ಧ ಮಿ.ಮೀ. ದಪ್ಪವಿರುತ್ತದೆ, ಸೂಜಿಯ ತೂತಿಗೆ ಆ ತಕರಾರಿಲ್ಲ.

ಪ್ರಶ್ನೆ (ಕುಶಾಲನಗರದ ಸದಸ್ಯರು):

ಪಟ್ಟಿಯ ಅಗಲ ಅರ್ಧ ಮಿ.ಮೀ. ಹೆಚ್ಚುಕಡಿಮೆ ಆದರೆ ಮೀನಿಗೇನು ಗೊತ್ತಾಗುತ್ತದೆ ಸರ್? ಮಿಡತೆಗೆಂದು ಎರಡು ಬಣ್ಣದ ಹಾಳೆಗಳನ್ನು ಅಂಟಿಸಿ ಕತ್ತರಿಸುವಾಗ ಬ್ಲೇಡ್ ನಡುವೆ ಸಿಕ್ಕಿಕೊಳ್ಳುವುದೇ ನನಗೆ ದೊಡ್ಡ ತಲೆನೋವು.

ಉತ್ತರ:

ಮೀನಿಗೆ ಗೊತ್ತಾಗುವುದಿಲ್ಲ, ಗಾಳಕ್ಕೆ ಗೊತ್ತಾಗುತ್ತದೆ. ಪಟ್ಟಿಯ ಅಗಲ ಗಾಳದ ಬಾಯಿಯ (ಮೊನೆಗೂ ಕಡ್ಡಿಗೂ ನಡುವಿನ ಅಂತರ) ಅಗಲದಷ್ಟಿರಬೇಕೆಂಬುದು ವಾಡಿಕೆಯ ಲೆಕ್ಕ. ಅದಕ್ಕಿಂತ ಅಗಲವಾದ ಫೋಮ್ ಮಡಚಿದಾಗ ಕೆಳಗೆ ಜೋತು ಗಾಳದ ಬಾಯಿಯನ್ನು ಮುಚ್ಚಿಬಿಡುತ್ತದೆ, ಮೀನು ಕಚ್ಚಿದರೂ ಸಿಕ್ಕುವುದಿಲ್ಲ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದರೆ ಫ್ಲೈ ನೀರಿನ ಮೇಲೆ ಮಗುಚಿಕೊಳ್ಳುತ್ತದೆ. ನಮ್ಮ ವಾಲ್ನೂರಿನ ಕಡೆ ದಡದ ಬಿದಿರಿನಿಂದ ಹುಳು ಬಿದ್ದಂತೆ ಫ್ಲೈ ಬೀಳಬೇಕೆಂದು ಬಯಸುವವರು, ಅದು ಬೆನ್ನು ಕೆಳಗಾಗಿ ತೇಲುವುದನ್ನು ಒಮ್ಮೆ ನೋಡಿದರೆ ಅರ್ಧ ಮಿ.ಮೀ. ಬಗ್ಗೆ ವಾದಿಸುವುದಿಲ್ಲ.

ನಿಮ್ಮ ತಲೆನೋವಿಗೆ ಕಾರಣ ಅಂಟು. ಫೆವಿಕ್ವಿಕ್‌ನಂಥ ಅಂಟು ಗಟ್ಟಿಯಾಗಿ ಗಾಜಿನ ಗೆರೆಯಾಗುತ್ತದೆ, ಬ್ಲೇಡ್ ಅದಕ್ಕೆ ತಾಗಿ ಪಕ್ಕಕ್ಕೆ ಸರಿಯುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟನ್ನು ಎರಡೂ ಹಾಳೆಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ, ರಾತ್ರಿ ಭಾರ ಹೇರಿಟ್ಟು ಮಾರನೆಯ ದಿನ ಕತ್ತರಿಸಿರಿ. ನಾಲ್ಕು ಪಟ್ಟಿಗೊಮ್ಮೆ ಬ್ಲೇಡನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿರಿ. ಮಿಂಚುಪುಡಿ ಹಚ್ಚಿದ ಫೋಮ್ ಮಾತ್ರ ತರಬೇಡಿ, ಒಂದೇ ಪಟ್ಟಿಗೆ ಬ್ಲೇಡಿನ ಬಾಯಿ ಹೋಗುತ್ತದೆ.

ಪ್ರಶ್ನೆ (ಸಿದ್ದಾಪುರದ ಸದಸ್ಯರು):

ಮಳೆಗಾಲದಲ್ಲಿ ಬ್ಲೇಡಿಗೆ ವಾರದೊಳಗೆ ತುಕ್ಕು ಬರುತ್ತಿದೆ. ಎಣ್ಣೆ ಹಚ್ಚಿಡಬಹುದೇ?

ಉತ್ತರ:

ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಸವರಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬಹುದು. ಆದರೆ ಕತ್ತರಿಸುವ ಮೊದಲು ಅದನ್ನು ಪೂರ್ತಿ ಒರೆಸಲೇಬೇಕು. ಎಣ್ಣೆ ತಾಗಿದ ಫೋಮಿನ ಮೇಲೆ ಅಂಟು ನಿಲ್ಲುವುದಿಲ್ಲ, ದಾರವೂ ಜಾರುತ್ತದೆ. ನೀವು ಕಟ್ಟುವ ಮಿಡತೆ ಮೊದಲ ಎಸೆತಕ್ಕೇ ಗಾಳದ ಸುತ್ತ ಗಿರಕಿ ಹೊಡೆಯುತ್ತದೆ.