ತುಂಗೆಗೆ ಬೀಳುವ ಊರ ಚರಂಡಿ: 120 ಮನೆಗೆ ಯಾವ ವ್ಯವಸ್ಥೆ ಸರಿ?

ಹೊಳೆಬದಿ:
ತೀರ್ಥಹಳ್ಳಿ ಕಡೆಯ ಊರು. 120 ಮನೆ, ಸುಮಾರು 520 ಜನ. ಬಚ್ಚಲು, ಅಡುಗೆಮನೆಯ ನೀರೆಲ್ಲ ಒಂದೇ ಚರಂಡಿಯಲ್ಲಿ ಹರಿದು ತುಂಗೆಗೆ ಬೀಳುತ್ತದೆ. ಸ್ವಲ್ಪ ಕೆಳಗೇ ಜನ ಸ್ನಾನ ಮಾಡುವ ಜಾಗ. ಚರಂಡಿಯ ಕೊನೆಯಲ್ಲಿ ಒಂದು ದೊಡ್ಡ ಇಂಗುಗುಂಡಿ ತೆಗೆಯುವ ಮಾತು ನಡೆದಿದೆ. ಮಳೆಗಾಲದಲ್ಲಿ ಇಲ್ಲಿ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಗುಂಡಿ ಸಾಕೇ? ಕರೆಂಟ್ ಬೇಡದ ಬೇರೆ ದಾರಿ ಇದ್ದರೆ ಅಳತೆ ಸಮೇತ ತಿಳಿಸಿ. ಮೂರ್ನಾಲ್ಕು ಗುಂಟೆ ಜಾಗ ಸಿಗಬಹುದು.

ಜಲ್ಲಿತೊಟ್ಟಿ:
ಇಂಗುಗುಂಡಿ ಬೇಡವೇ ಬೇಡ. ಜುಲೈನಲ್ಲಿ ನೆಲವೇ ನೀರು ತುಂಬಿಕೊಂಡಿರುವಾಗ ಗುಂಡಿ ಇಂಗಿಸುವುದಿಲ್ಲ, ಉಕ್ಕುತ್ತದೆ. ಇಂಗಿದಷ್ಟು ನಿಮ್ಮ ಬಾವಿಗೇ ಹೋಗುತ್ತದೆ.

ತಲಾ 55 ಲೀಟರ್ ಪೂರೈಕೆ, ಅದರಲ್ಲಿ ಶೇ 80 ಚರಂಡಿಗೆ ಎಂದರೆ ದಿನಕ್ಕೆ ಸುಮಾರು 23,000 ಲೀಟರ್. ಸ್ವಂತ ಬಾವಿ ಇರುವವರು ಹೆಚ್ಚು ಬಳಸುತ್ತಾರೆ, ಆದ್ದರಿಂದ ಬೇಸಿಗೆಯಲ್ಲಿ ಚರಂಡಿಯ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು, ಎಷ್ಟು ಸೆಕೆಂಡಿಗೆ ತುಂಬುತ್ತದೆಂದು ಬೆಳಗಿನಿಂದ ರಾತ್ರಿವರೆಗೆ ಗಂಟೆಗೊಮ್ಮೆ ಬರೆದಿಡಿ.

ಮೊದಲು 20 ಮಿ.ಮೀ. ಸಂದಿಯ ಸರಳು ಜಾಲರಿ, ಮರಳು ಕೂರುವ ಸಣ್ಣ ತೊಟ್ಟಿ. ನಂತರ 5 × 2.5 ಮೀ., 2 ಮೀ. ನೀರಿನ ಆಳದ ತಿಳಿತೊಟ್ಟಿ. ಅದರ ಹೊರದಾರಿಗೆ ಟಿ ಪೈಪ್ ಹಾಕಿ, ಕೆಳಬಾಯಿ ನೀರಿನ ಮಟ್ಟದಿಂದ 30 ಸೆಂ.ಮೀ. ಒಳಗಿರಲಿ. ಇಲ್ಲದಿದ್ದರೆ ತೇಲುವ ಎಣ್ಣೆಜಿಡ್ಡು ಮುಂದೆ ಹೋಗಿ ಜಲ್ಲಿಗೆ ಅಂಟುತ್ತದೆ. ಆಮೇಲೆ ಅಡ್ಡಗೋಡೆಯ ನಾಲ್ಕು ಕೋಣೆ, ಒಂದೊಂದೂ 1 ಮೀ. ಉದ್ದ, 3 ಮೀ. ಅಗಲ, 2 ಮೀ. ಆಳ. ಪ್ರತಿ ಕೋಣೆಯಲ್ಲೂ ನೀರು ಪೈಪಿನಲ್ಲಿ ತಳಕ್ಕಿಳಿದು, ಅಲ್ಲಿ ಕೂತಿರುವ, ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿರುವ ಕೆಸರಿನ ಮೂಲಕ ಮೇಲೇರಬೇಕು. ಏರುವ ವೇಗ ಗಂಟೆಗೆ 1 ಮೀ. ದಾಟಿದರೆ ಕೆಸರೇ ಕೊಚ್ಚಿಹೋಗುತ್ತದೆ. ಅದಕ್ಕೇ ಅಗಲ ಕಡಿಮೆ ಮಾಡಬೇಡಿ.

ಕೊನೆಗೆ ಸುಮಾರು 300 ಚ.ಮೀ., ಅಂದರೆ ಮೂರು ಗುಂಟೆಯ ಜಲ್ಲಿ ಹಾಸು. ಆಳ 60 ಸೆಂ.ಮೀ., ತಳ ಸೋರಬಾರದು. ಎರಡು ತುದಿಗೆ ದಪ್ಪ ಜಲ್ಲಿ, ನಡುವೆ 10–20 ಮಿ.ಮೀ. ಜಲ್ಲಿ. ಕ್ರಷರ್ ಪುಡಿ ಹೋಗುವ ತನಕ ತೊಳೆದೇ ಹಾಕಿಸಿ. ಹಾಸು ಬೇಗ ಕಟ್ಟಿಕೊಳ್ಳಲು ಈ ಪುಡಿಯೇ ದೊಡ್ಡ ಕಾರಣ. ಕಾಬಾಳೆ ಅಥವಾ ಜೊಂಡು ನೆಡಿ. ನೀರು ಜಲ್ಲಿಯ ಮೇಲ್ಮೈಗಿಂತ 5–10 ಸೆಂ.ಮೀ. ಕೆಳಗೇ ಇದ್ದರೆ ಸೊಳ್ಳೆ ಹುಟ್ಟುವುದಿಲ್ಲ. ಮಟ್ಟ ಹೊಂದಿಸಲು ಹೊರದಾರಿಗೆ ತಿರುಗಿಸಬಹುದಾದ ಎಲ್ಬೋ ಸಾಕು.

ಮಲೆಸೀಮೆ:
ಮೇಲಿನ ಲೆಕ್ಕ ಸರಿ, ಆದರೆ ಮಲೆನಾಡಿನಲ್ಲಿ ಇದನ್ನು ಕೆಡಿಸುವುದು ಮಳೆ ಮತ್ತು ಚೊಗರು.

ಸೂರಿನ ನೀರು ಚರಂಡಿಗೆ ಬಿದ್ದರೆ ಒಂದೇ ಜಡಿಮಳೆಗೆ ಕೋಣೆಗಳ ಕೆಸರು ಖಾಲಿ. ಜಾಲರಿಗಿಂತ ಮೊದಲೇ ಚರಂಡಿಯ ಪಕ್ಕದ ಗೋಡೆ ತಗ್ಗಿಸಿ, ಹೆಚ್ಚಿನ ನೀರು ಬೇರೆ ಕಾಲುವೆಗೆ ಹಾರುವಂತೆ ಮಾಡಿ. ತೊಟ್ಟಿಯ ಜಾಗ ಹೊಳೆಯ ನೆರೆ ಮಟ್ಟಕ್ಕಿಂತ ಮೇಲಿರಲಿ.

ಅಡಕೆ ಬೇಯಿಸಿದ ಚೊಗರನ್ನು ಯಾರೂ ಚರಂಡಿಗೆ ಚೆಲ್ಲಬಾರದು. ಅದರ ಟ್ಯಾನಿನ್, ಗಾಳಿಯಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳನ್ನು ಕುಗ್ಗಿಸುತ್ತದೆ. ಸುಗ್ಗಿಯಲ್ಲಿ ಹೊರಬರುವ ನೀರು ಕೆಂಪಗೆ ಕಂಡರೆ ಬೇರೆ ಪುರಾವೆ ಬೇಕಿಲ್ಲ.

ಇನ್ನೊಂದು: ಯಾವ ಮನೆಯ ಸೆಪ್ಟಿಕ್ ಟ್ಯಾಂಕಿನ ಪೈಪ್ ಚರಂಡಿಗಿದೆ ಎಂದು ಮನೆಮನೆ ನೋಡಿ. ಅಲ್ಲಿ ಎರಡು ಗುಂಡಿಯ ಶೌಚ ಮಾಡುವುದಾದರೆ, ನಿಮ್ಮಷ್ಟು ನೀರು ಮೇಲಿರುವ ಕಡೆ ಗುಂಡಿಯನ್ನು ನೆಲದಿಂದ ಎತ್ತರಿಸಿ, ತಳ ಮುಚ್ಚಿ, ಸುತ್ತ 50 ಸೆಂ.ಮೀ. ಮರಳು ತುಂಬಬೇಕು. ಬಾವಿಯಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು.

ಹೊಳೆಬದಿ:
ಹೊರಬರುವ ನೀರನ್ನು ಹೊಳೆಗೆ ಬಿಡಬಹುದೇ? ಕೆಸರು ತೆಗೆಯುವುದು ಯಾವಾಗ?

ಜಲ್ಲಿತೊಟ್ಟಿ:
ಸ್ನಾನದ ಜಾಗದ ಮೇಲುಗಡೆ ಬಿಡಬೇಡಿ. ಜಲ್ಲಿ ಹಾಸು ಕೊಳೆ ಕಳೆಯುತ್ತದೆ, ರೋಗಾಣುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಬೇಸಿಗೆಯಲ್ಲಿ ಅಡಕೆ ತೋಟಕ್ಕೆ ಬುಡದಲ್ಲಿ ಬಿಡಿ, ಹಸಿ ತಿನ್ನುವ ಸೊಪ್ಪಿಗೆ ಬೇಡ. ಮಳೆಗಾಲದಲ್ಲಿ ಬಿಡಲೇಬೇಕಾದರೆ ಪೈಪನ್ನು ಆ ಜಾಗ ದಾಟಿಸಿ.

ಶುರುವಿನಲ್ಲಿ ಹಳೆಯ ಸೆಪ್ಟಿಕ್ ಕೆಸರು ಸ್ವಲ್ಪ ಹಾಕಿದರೂ ಕೋಣೆಗಳು ಹದಕ್ಕೆ ಬರಲು ಕೆಲವು ತಿಂಗಳು ಬೇಕು. ಜಾಲರಿ ದಿನಾ ಬಳಿಯಬೇಕು, ಜಿಡ್ಡಿನ ಕೆನೆ ವಾರಕ್ಕೊಮ್ಮೆ ತೆಗೆಯಬೇಕು. ಕೆಸರು ಎರಡು ಮೂರು ವರ್ಷಕ್ಕೊಮ್ಮೆ ಸಕ್ಕರ್ ಗಾಡಿಯಿಂದ ಮಾತ್ರ, ಅದೂ ಪೂರ್ತಿ ಅಲ್ಲ. ತಳದಲ್ಲಿ ಒಂದಿಷ್ಟು ಉಳಿಯಲಿ. ಗಾಡಿಯವರು ಅದನ್ನು ಎಲ್ಲಿ ಸುರಿಯುತ್ತಾರೆಂದು ಮೊದಲೇ ಬರಹದಲ್ಲಿ ಪಡೆಯಿರಿ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದಂಥ ಮಲಕೆಸರು ಶುದ್ಧೀಕರಣ ಘಟಕ ನಿಮ್ಮ ಹತ್ತಿರ ಎಲ್ಲಿದೆ ವಿಚಾರಿಸಿ. ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅದು ಅಪರಾಧವೂ ಹೌದು.